ನಮ್ಮ ಪಾರ್ಕಿನ ಆಟದಂಗಳಕ್ಕೆ ಪೆಂಗ್ವಿನ್ ಬರುತ್ತದೆ, ಕಾಡುಪಾಪ ಏಕೆ ಬರುವುದಿಲ್ಲ?

ಹೊಂಗೆನೆರಳು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಒಂದೂವರೆ ಎಕರೆಯ ಪಾರ್ಕನ್ನು ಹೊಸದಾಗಿಸಲು ಹಣ ಮಂಜೂರಾಗಿದೆ. ಆಟದಂಗಳದ ನಕ್ಷೆ ಕಳೆದ ವಾರ ನಿವಾಸಿಗಳ ಸಂಘದ ಕೈಗೆ ಬಂದಿದೆ. ಅದರಲ್ಲಿ ಫೈಬರಿನ ಒಂದು ಡೈನೋಸಾರ್, ಜಿರಾಫೆಯ ಕುತ್ತಿಗೆಯ ಮೇಲಿಂದ ಇಳಿಯುವ ಒಂದು ಜಾರುಬಂಡೆ ಮತ್ತು ಬಾಯಿ ತೆರೆದು ನಿಂತ ಆರು ಪೆಂಗ್ವಿನ್ ಕಸದ ಬುಟ್ಟಿಗಳಿವೆ. ರಾತ್ರಿ ಮರಗಳಲ್ಲಿ ಸಂಚರಿಸುವ ಪುಟ್ಟ ಕಾಡುಪಾಪವಾಗಲಿ, ನಮ್ಮ ಊರಿನ ಬೇರೆ ಒಂದೇ ಒಂದು ಪ್ರಾಣಿ ಅಥವಾ ಪಕ್ಷಿಯಾಗಲಿ ಅದರಲ್ಲಿಲ್ಲ.

ಇದೇ ಪಾರ್ಕಿನ ಮೂಲೆಯಲ್ಲಿ ಒಂದು ದೊಡ್ಡ ಅತ್ತಿಮರವಿದೆ. ಹಣ್ಣಿನ ಕಾಲದಲ್ಲಿ ಕತ್ತಲಾಗುತ್ತಿದ್ದಂತೆ ಅಲ್ಲಿಗೆ ಬಾವಲಿಗಳು ಬರುತ್ತವೆ, ಹಗಲಿನಲ್ಲಿ ಕುಟ್ರು ಹಕ್ಕಿಗಳೂ ಅಳಿಲುಗಳೂ ಇರುತ್ತವೆ. ಆರು ವರ್ಷದ ನನ್ನ ಮಗಳು ಪೆಂಗ್ವಿನ್ನನ್ನು ಚೆನ್ನಾಗಿ ಚಿತ್ರಿಸುತ್ತಾಳೆ. ಆದರೆ ಮೊನ್ನೆ ತಲೆಯ ಮೇಲೆಯೇ ಕಂಚುಕುಟಿಗ ಹಕ್ಕಿ ಟುಕ್ ಟುಕ್ ಟುಕ್ ಎಂದು ಕೂಗುತ್ತಿದ್ದಾಗ, “ಅಪ್ಪಾ, ಯಾರ ಮನೆಯ ಮೋಟರ್ ಕೆಟ್ಟಿದೆ?” ಎಂದು ಕೇಳಿದಳು. ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಆಕ್ಷೇಪಣೆ ಮತ್ತು ಸಲಹೆಗಳನ್ನು ಬರೆದು ಕೊಡಲು ಹದಿನೈದು ದಿನಗಳ ಅವಕಾಶವಿದೆ. ಸ್ಥಳೀಯ ಜೀವಿಗಳನ್ನು ಆಧಾರವಾಗಿಟ್ಟುಕೊಂಡು ಆಟದಂಗಳ ಮಾಡಿರುವುದನ್ನು ಯಾರಾದರೂ ನೋಡಿದ್ದೀರಾ? ಏನನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ತಿಳಿಸಿ.

ಸಂಪಿಗೆಬೀದಿ

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಮಕ್ಕಳಿಗೆ ಡೈನೋಸಾರ್ ಎಂದರೆ ಪ್ರಾಣ. ನನ್ನ ಇಬ್ಬರು ಮೊಮ್ಮಕ್ಕಳೂ ಅದನ್ನು ನೋಡಿದರೆ ಊಟ ಬಿಟ್ಟು ಓಡುತ್ತಾರೆ. ಪಾರ್ಕು ಇರುವುದು ಮಕ್ಕಳ ಸಂತೋಷಕ್ಕೇ ಹೊರತು ದೊಡ್ಡವರ ಪಾಠಕ್ಕಲ್ಲ. ಅಳಿಲಿನ ಬೊಂಬೆಯ ಮುಂದೆ ಯಾವ ಮಗು ನಿಲ್ಲುತ್ತದೆ, ಹೇಳಿ?

ಜುರಾಂಗ್ ಕನ್ನಡಿಗ (ಸಿಂಗಪುರ)

ಅಮ್ಮಾ, ನಿಲ್ಲುವುದಿಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ, ಏಕೆಂದರೆ ಬೊಂಬೆಯ ಮುಂದೆ ನಿಲ್ಲುವುದು ಆಟವೇ ಅಲ್ಲ. ನಾವಿರುವ ಕಡೆ ಜುರಾಂಗ್ ಲೇಕ್ ಗಾರ್ಡನ್ಸ್ ಎಂಬ ಉದ್ಯಾನವಿದೆ. ಅದರ ಲೇಕ್‌ಸೈಡ್ ಗಾರ್ಡನ್ ಭಾಗವನ್ನು 2019ರ ಏಪ್ರಿಲ್‌ನಲ್ಲಿ ತೆರೆದರು. ಅಲ್ಲಿನ ‘ಫಾರೆಸ್ಟ್ ರ‍್ಯಾಂಬಲ್’ ಎಂಬ ಆಟದಂಗಳದಲ್ಲಿ 13 ಆಟದ ತಾಣಗಳಿವೆ. ಸಿಹಿನೀರಿನ ಜೌಗುಕಾಡಿನಲ್ಲಿ ಬದುಕುವ ಪ್ರಾಣಿಗಳು ಹೇಗೆ ಚಲಿಸುತ್ತವೆ ಎನ್ನುವುದನ್ನು ನೋಡಿ ಅವುಗಳನ್ನು ರೂಪಿಸಿದ್ದಾರೆ. ಮಗು ಕಪ್ಪೆಯ ವಿಗ್ರಹದ ಮೇಲೆ ಕೂರುವ ಬದಲು ತಾನೇ ಕಪ್ಪೆಯಂತೆ ಕುಪ್ಪಳಿಸುತ್ತದೆ, ನೀರುನಾಯಿಯಂತೆ ಜಾರುತ್ತದೆ. ನನ್ನ ಮಗ ಎರಡು ಗಂಟೆ ಆಡಿದ ಮೇಲೂ ಹೊರಡಲು ಒಪ್ಪಲಿಲ್ಲ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಈ ದ್ವೀಪದಲ್ಲಿ ನೀರುನಾಯಿಗಳು 1970ರ ದಶಕದ ಹೊತ್ತಿಗೆ ಕಾಣೆಯಾದಂತೆಯೇ ಆಗಿದ್ದವು, ನದಿಗಳನ್ನು ಸ್ವಚ್ಛಗೊಳಿಸಿದ ನಂತರ 1990ರ ದಶಕದ ಕೊನೆಯಲ್ಲಿ ತಾವಾಗಿಯೇ ಮರಳಿದವು. ಅಂದರೆ ಇಲ್ಲಿ ಮೊದಲು ಬಂದದ್ದು ಪ್ರಾಣಿ, ಅದರ ಹೆಸರಿನ ಆಟ ಬಂದದ್ದು ಆಮೇಲೆ. ಅದೇ ಉದ್ಯಾನದ ಅಂಚಿನಲ್ಲಿ ಜೌಗುಭೂಮಿಯ ನಡುವೆ ಮರದ ನಡೆದಾರಿಯೂ ಇದೆ, ಆದ್ದರಿಂದ ಆಡಿ ಬಂದ ಮಗು ನಿಜವಾದ ಕೊಕ್ಕರೆಯನ್ನೂ ನೋಡಬಹುದು.

ಕೆಲಸದ ನಕ್ಷೆ

ಸಿಂಗಪುರದ ಹಣವೂ ಅಲ್ಲಿನ ನಿರ್ವಹಣೆಯೂ ನಮ್ಮಲ್ಲಿಲ್ಲ ಎನ್ನುವುದನ್ನು ಮರೆಯಬಾರದು. ನಾನು ಇಪ್ಪತ್ತು ವರ್ಷಗಳಿಂದ ಸಿವಿಲ್ ಗುತ್ತಿಗೆ ಕೆಲಸದಲ್ಲಿರುವವನು, ಪಾರ್ಕಿಗೆ ಪೆಂಗ್ವಿನ್ ಹೇಗೆ ಬರುತ್ತದೆ ಎಂದು ಹೇಳುತ್ತೇನೆ. ಸರಬರಾಜುದಾರರ ಕ್ಯಾಟಲಾಗಿನಲ್ಲಿ ಅದರ ಚಿತ್ರವೂ ಬೆಲೆಯೂ ಇರುತ್ತವೆ. ಅಂದಾಜುಪಟ್ಟಿ ಬರೆಯುವ ಎಂಜಿನಿಯರ್ “ಪೆಂಗ್ವಿನ್ ಬುಟ್ಟಿ, ಆರು ಸಂಖ್ಯೆ” ಎಂದು ಒಂದು ಸಾಲು ಬರೆದರೆ ಕೆಲಸ ಮುಗಿಯಿತು. ಎಣಿಸಿ ಬಿಲ್ ಮಾಡಬಹುದು, ಲೆಕ್ಕಪರಿಶೋಧನೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಅದೇ “ಅಳಿಲು ಓಡುವಂತಹ ಹಗ್ಗದ ದಾರಿ” ಎಂದು ಬರೆಯಬೇಕಾದರೆ ಸರ್ಕಾರದ ನಿಗದಿತ ದರಪಟ್ಟಿಯಲ್ಲಿ (ಎಸ್.ಆರ್.) ಅದು ಸಿಗುವುದಿಲ್ಲ, ಬೇರೆಯಾಗಿ ದರ ವಿಶ್ಲೇಷಣೆ ಮಾಡಿ ಮೇಲಿನವರ ಒಪ್ಪಿಗೆ ಪಡೆಯಬೇಕಾಗುತ್ತದೆ. ಎಂಜಿನಿಯರಿಗೆ ಅಳಿಲಿನ ಮೇಲೆ ದ್ವೇಷವೇನೂ ಇಲ್ಲ, ಅವರ ಹತ್ತಿರ ಅಷ್ಟು ಸಮಯವಿಲ್ಲ.

ಆದ್ದರಿಂದ ಬರಿಯ ಮನವಿ ಕೊಡಬೇಡಿ. ಹಗ್ಗದ ದಪ್ಪ, ಕಂಬದ ಎತ್ತರ, ಕಲ್ಲಿನ ಅಳತೆ, ಮೂರು ಕಡೆಯಿಂದ ತಂದ ದರಪತ್ರ, ಇಷ್ಟನ್ನೂ ಜೊತೆಗಿಟ್ಟು ಕೊಟ್ಟರೆ ಕೆಲಸ ಆಗುವ ಸಾಧ್ಯತೆ ಇದೆ.

ಹೊಂಗೆನೆರಳು (ಬೆಂಗಳೂರು)

ಇದು ನನಗೆ ಖಂಡಿತ ತಿಳಿದಿರಲಿಲ್ಲ. ಬಹಳ ಧನ್ಯವಾದಗಳು, ಸರ್.

ರಾತ್ರಿನಡಿಗೆ

ಶೀರ್ಷಿಕೆಯಲ್ಲಿ ಕಾಡುಪಾಪದ ಹೆಸರು ಕಂಡು ಬರೆಯುತ್ತಿದ್ದೇನೆ. ಬೆಂಗಳೂರಿನವರಲ್ಲಿ ಹೆಚ್ಚಿನವರು ಈ ಪ್ರಾಣಿಯನ್ನು ಒಮ್ಮೆಯೂ ನೋಡಿಲ್ಲ. ಅಂಗೈಯಲ್ಲಿ ಕೂರುವಷ್ಟು ಸಣ್ಣ ಮೈ, ಕಡ್ಡಿಯಂತಹ ಕೈಕಾಲು, ಮುಖದ ತುಂಬ ಕಣ್ಣು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೂ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿಯೂ ಕಾಡುಪಾಪಗಳಿವೆ, ತುಮಕೂರಿನ ಹತ್ತಿರದ ನಾಗವಲ್ಲಿ ಅವುಗಳಿಗೇ ಹೆಸರಾದ ಊರು. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ 11,806 ಹೆಕ್ಟೇರ್ ಕಾಡನ್ನು ಅವುಗಳಿಗಾಗಿಯೇ ಅಭಯಾರಣ್ಯವೆಂದು ಘೋಷಿಸಿತು.

ಆಟದ ದೃಷ್ಟಿಯಿಂದ ಮುಖ್ಯವಾದದ್ದು ಇದು: ಕಾಡುಪಾಪ ಜಿಗಿಯುವುದಿಲ್ಲ. ಮಂಗದಂತೆ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಲು ಅದಕ್ಕೆ ಬರುವುದಿಲ್ಲ. ಮುಂದಿನ ಕೊಂಬೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದ ಮೇಲೆಯೇ ಹಿಂದಿನ ಕೊಂಬೆಯನ್ನು ಬಿಡುತ್ತದೆ. ಹಾಗಾಗಿ ಎರಡು ಮರಗಳ ನಡುವೆ ಕೊಂಬೆಗಳ ಸಂಪರ್ಕ ಕಡಿದುಹೋದರೆ ಅದು ನೆಲಕ್ಕಿಳಿಯಬೇಕಾಗುತ್ತದೆ. ನೆಲದಲ್ಲಿ ನಾಯಿಗಳಿವೆ, ವಾಹನಗಳಿವೆ.

ಇದರಿಂದ ಒಂದು ಆಟ ಮಾಡಬಹುದು. ಮಕ್ಕಳ ಸೊಂಟದ ಎತ್ತರದಲ್ಲಿ ಹಗ್ಗಗಳ ಬಲೆ ಕಟ್ಟಬೇಕು, ಆಟದ ನಿಯಮ ಒಂದೇ ಇರಬೇಕು: ಮುಂದಿನದನ್ನು ಹಿಡಿಯದೆ ಹಿಂದಿನದನ್ನು ಬಿಡುವಂತಿಲ್ಲ, ಕಾಲು ನೆಲಕ್ಕೆ ತಾಗುವಂತಿಲ್ಲ. ನಾನು ಒಮ್ಮೆ ಶಾಲಾ ಮಕ್ಕಳ ಜೊತೆ ಎರಡು ಸಪೋಟ ಮರಗಳ ನಡುವೆ ಹಳೆಯ ಬಾವಿಹಗ್ಗ ಕಟ್ಟಿ ಇದನ್ನು ಆಡಿಸಿದ್ದೆ. ಎಲ್ಲರಿಗಿಂತ ಜೋರಾಗಿ ಓಡುವ ಹುಡುಗ ಮೊದಲು ಬಿದ್ದ. ಯಾವ ಆಟಕ್ಕೂ ಸೇರದೆ ಬದಿಯಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ನಿಧಾನವಾಗಿ, ತುಟಿ ಕಚ್ಚಿಕೊಂಡು, ಆ ಕೊನೆಯವರೆಗೂ ಹೋದಳು. ನಮ್ಮ ಪಾರ್ಕುಗಳ ಎಲ್ಲ ಆಟಗಳೂ ವೇಗಕ್ಕೇ ಬಹುಮಾನ ಕೊಡುತ್ತವೆ, ನಿಧಾನಕ್ಕೂ ಒಂದು ಆಟ ಇರಲಿ.

ನಿವೃತ್ತ ಮೇಷ್ಟ್ರು (ಧಾರವಾಡ)

ಬಾಳ ಛಲೋ ವಿಚಾರ ಎಂದು ನಮ್ಮ ಕಡೆಯ ಮಾತಿನಲ್ಲಿಯೇ ಮೊದಲು ಹೇಳಿಬಿಡುತ್ತೇನೆ. ಒಂದು ಪದದ ಕಡೆಗೆ ನಿಮ್ಮ ಗಮನ ಸೆಳೆಯಬೇಕೆನಿಸಿತು. ಕನ್ನಡದಲ್ಲಿ ನಾವು ‘ಜಾರುಬಂಡೆ’ ಎನ್ನುತ್ತೇವೆ. ಆ ಮಾತಿನೊಳಗೇ ಬಂಡೆ ಇದೆ. ಕಬ್ಬಿಣದ ಹಾಳೆ, ಪ್ಲಾಸ್ಟಿಕ್ ದೋಣಿ ಬರುವ ಮೊದಲು ನಮ್ಮ ಮಕ್ಕಳು ಊರಾಚೆಯ ನುಣುಪು ಬಂಡೆಯ ಮೇಲೆ ತೆಂಗಿನ ಗರಿಯನ್ನೋ ಗೋಣಿಚೀಲವನ್ನೋ ಹಾಕಿಕೊಂಡು ಜಾರುತ್ತಿದ್ದರು, ನಾನೂ ಜಾರಿದ್ದೇನೆ. ಬೆಂಗಳೂರಿನವರಿಗೆ ಬಂಡೆಗೆ ಬರವಿಲ್ಲ, ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದೆ. ಜಿರಾಫೆಯ ಕುತ್ತಿಗೆ ಬೇಡ, ನಿಜವಾದ ಬಂಡೆಯ ಜಾರುಬಂಡೆಯನ್ನೇ ಕೇಳಿ.

ಬಂಡೆ ಓತಿಕ್ಯಾತ

ಮೇಷ್ಟ್ರೇ, ನನ್ನ ಮನಸ್ಸಿನ ಮಾತನ್ನೇ ಹೇಳಿದಿರಿ. ಬಂಡೆಗಳಿದ್ದರೆ ಬಂಡೆಯ ಓತಿಕ್ಯಾತವೂ ಬರುತ್ತದೆ. ಬೆದೆಯ ಕಾಲದಲ್ಲಿ ಗಂಡಿನ ಬೆನ್ನು ಕೆಂಪಾಗುತ್ತದೆ, ಪಕ್ಕೆ ಕಪ್ಪಾಗುತ್ತದೆ. ಬಂಡೆಯ ತುದಿಯಲ್ಲಿ ನಿಂತು ಅದು ದಂಡ ಹೊಡೆಯುವಂತೆ ಮೈಯನ್ನು ಮೇಲೆ ಕೆಳಗೆ ಆಡಿಸುವುದನ್ನು ಒಮ್ಮೆ ನೋಡಿದ ಮಗು ತಾನೂ ಹಾಗೆಯೇ ಮಾಡುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ. ಬಡಾವಣೆ ಮಾಡುವಾಗ ಬಂಡೆಗಳನ್ನು ಸಿಡಿಸಿ ಜಲ್ಲಿ ಮಾಡಿದೆವು, ಅದರ ಜೊತೆಗೆ ಅವುಗಳ ನೆಲೆಯನ್ನೂ ಕಳೆದೆವು.

ಇಬ್ಬರು ಮಕ್ಕಳ ತಾಯಿ

ಕಲ್ಲಿನ ಜಾರುಬಂಡೆ ಚೆನ್ನಾಗಿದೆ, ಆದರೆ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅದರ ಮೇಲೆ ಕೈಯಿಟ್ಟು ನೋಡಿ. ನಮ್ಮ ಪಾರ್ಕಿನ ಸ್ಟೀಲ್ ಜಾರುಬಂಡೆಯಲ್ಲಿ ನನ್ನ ಮಗನ ತೊಡೆ ಸುಟ್ಟು ಬೊಬ್ಬೆ ಬಂದಿತ್ತು. ನೆಲಕ್ಕೆ ಹಾಸುವ ಕಪ್ಪು ರಬ್ಬರ್ ಕೂಡ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಪ್ರಾಣಿ ಯಾವುದಾದರೂ ಇರಲಿ, ಮೊದಲು ನೆರಳು ಇರಲಿ.

ಕೆಲಸದ ನಕ್ಷೆ

ಸರಿಯಾದ ಮಾತು, ಮೇಡಂ. ಉತ್ತರಕ್ಕೆ ಮುಖ ಮಾಡಿ, ದೊಡ್ಡ ಮರದ ಪೂರ್ವಕ್ಕೆ ಜಾರುಬಂಡೆ ಇಟ್ಟರೆ ಮಧ್ಯಾಹ್ನದ ನಂತರದ ಬಿಸಿಲು ಬೀಳುವುದಿಲ್ಲ. ಕೆಳಗೆ ಒಂದಡಿ ಆಳದ ತೊಳೆದ ಮರಳು ಸಾಕು. ಅದನ್ನು ವಾರಕ್ಕೊಮ್ಮೆ ಕೆದಕಿ ನೋಡಲು ಒಬ್ಬರು ಬೇಕು, ಏಕೆಂದರೆ ಗಾಜಿನ ಚೂರು, ಬೆಕ್ಕಿನ ಹೊಲಸು ಎಲ್ಲವೂ ಅದರಲ್ಲಿ ಸೇರುತ್ತವೆ.

ಹೊಂಗೆನೆರಳು (ಬೆಂಗಳೂರು)

ನಿಮ್ಮ ಮಾತುಗಳನ್ನು ಓದಿ ನಕ್ಷೆಯನ್ನು ಮತ್ತೆ ಬಿಡಿಸಿ ಕೂತೆ. ಮೊದಲ ಸಲ ನೋಡಿದಾಗ ಗಮನಕ್ಕೆ ಬಾರದ ಒಂದು ಸಣ್ಣ ವೃತ್ತವನ್ನು ಈಗ ಕಂಡೆ. ಆ ಅತ್ತಿಮರದ ಮೇಲೆ ಕೆಂಪು ಗುರುತು ಹಾಕಿ ‘ತೆರವು’ ಎಂದು ಬರೆದಿದ್ದಾರೆ. ವಿಚಾರಿಸಿದರೆ, ಹಣ್ಣು ಉದುರಿ ನಡೆಯುವ ದಾರಿಯ ಟೈಲ್ಸ್ ಕೊಳೆಯಾಗುತ್ತದೆ, ನೊಣ ಮುತ್ತುತ್ತವೆ ಎಂಬ ಕಾರಣ ಕೊಟ್ಟರು. ಡೈನೋಸಾರ್ ನಿಲ್ಲುವುದು ಅದೇ ಜಾಗದಲ್ಲಿ. ಈಗ ನನಗೆ ಪೆಂಗ್ವಿನ್ ಚಿಂತೆಯೇ ಹೋಗಿದೆ.

ರಾತ್ರಿನಡಿಗೆ

ದಯವಿಟ್ಟು ಎಲ್ಲಕ್ಕಿಂತ ಮೊದಲು ಆ ಮರವನ್ನು ಉಳಿಸಿ. ಆಟದಂಗಳದ ಚರ್ಚೆ ಒಂದು ತಿಂಗಳು ತಡವಾದರೂ ನಡೆಯುತ್ತದೆ, ಅತ್ತಿಮರಕ್ಕೆ ಮಾತ್ರ ಎರಡನೆಯ ಅವಕಾಶವಿಲ್ಲ. ಅತ್ತಿಹಣ್ಣಿನ ಒಳಗೆಲ್ಲ ಹುಳ ಎಂದು ನಾವು ಮೂಗು ಮುರಿಯುತ್ತೇವೆ, ಆದರೆ ಆ ಪುಟ್ಟ ಕಣಜ ಒಳಗೆ ಹೋಗಿ ಪರಾಗಸ್ಪರ್ಶ ಮಾಡಿದರೆ ಮಾತ್ರ ಅತ್ತಿ ಬೀಜ ಕಟ್ಟುತ್ತದೆ. ಕುಟ್ರು, ಕೋಗಿಲೆ, ಅಳಿಲು, ಬಾವಲಿ ಎಲ್ಲವೂ ಅದೇ ಹಣ್ಣನ್ನು ತಿಂದು ಬೀಜವನ್ನು ದೂರ ಒಯ್ಯುತ್ತವೆ. ಅದನ್ನು ಕಡಿದು ಅದೇ ಜಾಗದಲ್ಲಿ ಬಾವಲಿಯ ಹೆಸರಿನ ಆಟಿಕೆ ಇಟ್ಟರೂ ನಾನು ಒಪ್ಪುವುದಿಲ್ಲ.

ಕಾನೂನು ಓದುವವಳು

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಹಾಗೆಯೇ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಪ್ರತ್ಯೇಕ ಕಾಯ್ದೆ ಇದೆ. ಸಂಘದ ಲೆಟರ್‌ಹೆಡ್‌ನಲ್ಲಿ ಎರಡು ಪ್ರತ್ಯೇಕ ಪತ್ರಗಳನ್ನು ಕೊಡಿ: ಒಂದು ಮರದ ಬಗ್ಗೆ ವೃಕ್ಷಾಧಿಕಾರಿಗೆ, ಇನ್ನೊಂದು ಆಟದಂಗಳದ ಬಗ್ಗೆ ಎಂಜಿನಿಯರಿಗೆ. ಎರಡನ್ನೂ ಒಂದೇ ಪತ್ರದಲ್ಲಿ ಬರೆದರೆ ಆ ಕಡತ ಯಾರ ಮೇಜಿನಲ್ಲಿಯೂ ನಿಲ್ಲದೆ ಸುತ್ತುತ್ತದೆ. ಸ್ವೀಕೃತಿಯ ಮುದ್ರೆ ಮತ್ತು ದಿನಾಂಕವನ್ನು ತಪ್ಪದೆ ಪಡೆಯಿರಿ.

ಇಬ್ಬರು ಮಕ್ಕಳ ತಾಯಿ

ಮರ ಉಳಿಯಲಿ ಎಂದು ನನಗೂ ಅನ್ನಿಸುತ್ತದೆ, ಆದರೆ ಬಾವಲಿಗಳ ಬಗ್ಗೆ ನನಗೆ ನಿಜಕ್ಕೂ ಭಯವಿದೆ. 2018ರಲ್ಲಿ ಕೇರಳದಲ್ಲಿ ಬಾವಲಿಗಳಿಂದ ಹರಡುವ ನಿಪಾ ಸೋಂಕು ಬಂದಾಗ ನಾವು ಕೋಳಿಕ್ಕೋಡಿನಲ್ಲಿದ್ದೆವು. ಆ ದಿನಗಳನ್ನು ಕಂಡವರಿಗೆ ಈ ಭಯ ಮೂಢನಂಬಿಕೆ ಎನ್ನಿಸುವುದಿಲ್ಲ.

ರಾತ್ರಿನಡಿಗೆ

ಮೇಡಂ, ನಿಮ್ಮ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬಾವಲಿ ಕಚ್ಚಿದ ಹಣ್ಣನ್ನು ಮಕ್ಕಳು ತಿನ್ನಬಾರದು, ಬಿದ್ದ ಬಾವಲಿಯನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಮರಳಿನ ಗುಂಡಿಯನ್ನೂ ಕುಡಿಯುವ ನೀರಿನ ನಲ್ಲಿಯನ್ನೂ ಅತ್ತಿಯ ಕೊಂಬೆಗಳ ಕೆಳಗೆ ಇಡಬಾರದು, ಪಾರ್ಕಿನಲ್ಲಿ ಕೈತೊಳೆಯುವ ಜಾಗ ಇರಲೇಬೇಕು. ಅತ್ತಿಯ ಸುತ್ತ ಮೊಣಕಾಲೆತ್ತರದ ಪೊದೆ ಬೇಲಿ ಬೆಳೆಸಿ, ಒಳಗೆ ಟೈಲ್ಸ್ ಹಾಕದೆ ಮಣ್ಣನ್ನೇ ಬಿಟ್ಟರೆ ಹಣ್ಣು ಅಲ್ಲಿಯೇ ಉದುರಿ ಗೊಬ್ಬರವಾಗುತ್ತದೆ. ಕೊಳೆಯ ದೂರೂ ಇರುವುದಿಲ್ಲ, ಮಕ್ಕಳೂ ಅದರ ಕೆಳಗೆ ಆಡುವುದಿಲ್ಲ.

ಇಬ್ಬರು ಮಕ್ಕಳ ತಾಯಿ

ಹೀಗೆ ಮಾಡುವುದಾದರೆ ನನ್ನ ಸಹಿಯೂ ಇರಲಿ.

ತುಂಗಭದ್ರೆ (ಹೊಸಪೇಟೆ)

ಬೆಂಗಳೂರಿನವರ ನಡುವೆ ನನ್ನದೊಂದು ಮಾತು. ಸಿಂಗಪುರದ ನೀರುನಾಯಿಯ ಬಗ್ಗೆ ಓದಿ ಸಂತೋಷವಾಯಿತು, ಆದರೆ ಅದೇ ಜಾತಿಯ ನೀರುನಾಯಿ ನಮ್ಮ ತುಂಗಭದ್ರಾ ಹೊಳೆಯಲ್ಲಿಯೂ ಇದೆ ಎನ್ನುವುದನ್ನು ಎಷ್ಟು ಜನ ಬಲ್ಲರು? ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸಿದೆ. ಹತ್ತಿರದ ದರೋಜಿಯಲ್ಲಿ ಕರಡಿಧಾಮವಿದೆ. ಇಷ್ಟೆಲ್ಲ ಇದ್ದೂ ನಮ್ಮ ಕಡೆಯ ಪಾರ್ಕಿನಲ್ಲಿ ಮಕ್ಕಳು ಕಸ ಹಾಕುವುದು ಕಾಂಗರೂವಿನ ಹೊಟ್ಟೆಗೆ. ಹೊಳೆದಂಡೆಯ ಮಕ್ಕಳು ನೀರುನಾಯಿಯಂತೆ ಜಾರಲಿ, ರಾಣೆಬೆನ್ನೂರಿನ ಮಕ್ಕಳು ಕೃಷ್ಣಮೃಗದಂತೆ ಜಿಗಿಯಲಿ. ಬೆಂಗಳೂರಿನ ನಕ್ಷೆಯನ್ನೇ ಊರೂರಿಗೆ ಕಳಿಸಿದರೆ ಕಾಡುಪಾಪವೂ ಇನ್ನೊಂದು ಪೆಂಗ್ವಿನ್ ಆಗಿಬಿಡುತ್ತದೆ.

ಜುರಾಂಗ್ ಕನ್ನಡಿಗ (ಸಿಂಗಪುರ)

ಕೊನೆಯ ಮಾತು ಬಹಳ ಸರಿಯಾಗಿದೆ. ತುಂಗಭದ್ರೆಯ ನೀರುನಾಯಿಯ ಬಗ್ಗೆ ನನಗೇ ತಿಳಿದಿರಲಿಲ್ಲ. ಊರಿಗೆ ಬಂದಾಗ ಮಗನನ್ನು ಕರೆದುಕೊಂಡು ಬರುತ್ತೇನೆ.

ಸಂಪಿಗೆಬೀದಿ

ಚರ್ಚೆ ಓದುತ್ತ ಓದುತ್ತ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಆದರೂ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂತಹ ಕಡೆ ಹುತ್ತದ ಆಕಾರ ಮಾಡುತ್ತಾರೆ ಎಂದು ಕೇಳಿದ್ದೇನೆ. ನಾವು ನಾಗರಪಂಚಮಿಗೆ ತನಿ ಎರೆಯುವ ಹುತ್ತವನ್ನು ಮಕ್ಕಳು ಚಪ್ಪಲಿಗಾಲಿನಲ್ಲಿ ತುಳಿಯುವಂತೆ ಮಾಡಿದರೆ ನನಗೆ ಸರಿಬೀಳುವುದಿಲ್ಲ.

ಗೆದ್ದಲು

ಅಮ್ಮಾ, ಹುತ್ತದ ಆಟದ ಸೊಗಸಿರುವುದು ಅದರ ಒಳಗೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಗಾಳಿಯಾಡುವ ದಾರಿಗಳೂ ಕೋಣೆಗಳೂ ಇರುತ್ತವೆ, ಹಾವು ಆಮೇಲೆ ಬಂದು ಸೇರುವ ಬಾಡಿಗೆದಾರ ಮಾತ್ರ. ಮಕ್ಕಳು ತೆವಳಿಕೊಂಡು ಹೋಗುವ ಸುರಂಗವಾಗಿ ಅದನ್ನು ಮಾಡಿ, ಹೊರಗಿನ ಗೋಡೆಯನ್ನು ಹತ್ತಲಾಗದಷ್ಟು ಕಡಿದಾಗಿ ಇಟ್ಟರೆ ನಿಮ್ಮ ಭಾವನೆಗೂ ನೋವಾಗುವುದಿಲ್ಲ. ದೊಡ್ಡವರಿಗೆ ಹೊರಗಿನಿಂದ ಮಗು ಕಾಣುವಂತೆ ಅಲ್ಲಲ್ಲಿ ಕಿಂಡಿ ಇರಬೇಕು.

ಸಂಪಿಗೆಬೀದಿ

ಒಳಗೆ ಹೋಗುವುದಾದರೆ ನನ್ನ ಅಭ್ಯಂತರವಿಲ್ಲ. ನನ್ನ ಮೊಮ್ಮಗ ಹೊರಗೆ ಬರುವುದೇ ಕಷ್ಟವಾದೀತು.

ಬೆತ್ತದ ಬುಟ್ಟಿ

ಗೀಜಗನ ಗೂಡಿನ ಉಯ್ಯಾಲೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಗಂಡು ಗೀಜಗ ಹುಲ್ಲಿನ ಎಳೆಗಳನ್ನು ಸೀಳಿ ತಂದು ಗಂಟು ಹಾಕಿ ನೇಯುತ್ತದೆ. ಅರ್ಧ ಕಟ್ಟಿದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ. ಆ ಅರ್ಧ ಗೂಡು ಥೇಟ್ ಉಯ್ಯಾಲೆಯಂತೆಯೇ ಇರುತ್ತದೆ, ನಡುವೆ ಒಂದು ಅಡ್ಡಪಟ್ಟಿ ಕೂಡ ಇರುತ್ತದೆ. ನಮ್ಮ ಮೇದರ ಕುಟುಂಬಗಳಲ್ಲಿ ಬುಟ್ಟಿ ಹೆಣೆಯುವ ಕೈಗಳಿಗೆ ಇದನ್ನು ನೋಡಿದ ಕೂಡಲೇ ಅರ್ಥವಾಗುತ್ತದೆ. ಬಿದಿರು ಮಳೆಗೆ ಬೇಗ ಹಾಳಾಗುತ್ತದೆ ಎನ್ನುವುದು ನಿಜ, ಆದ್ದರಿಂದ ಒಳಗೆ ಕಬ್ಬಿಣದ ಚೌಕಟ್ಟು ಇಟ್ಟು ಹೊರಗೆ ಗಟ್ಟಿ ಹಗ್ಗದ ಹೆಣಿಗೆ ಮಾಡಿಸಬೇಕು. ಹೆಣಿಗೆ ಸವೆದರೆ ಮತ್ತೆ ಹೆಣೆಯಬಹುದು. ಫೈಬರ್ ಒಡೆದರೆ ಅಂಚು ಚೂರಿಯಂತಾಗುತ್ತದೆ, ಅದನ್ನು ಬಿಸಾಡುವುದೊಂದೇ ದಾರಿ.

ಗಾಲಿಕುರ್ಚಿ

ನನ್ನ ಮಗಳು ನಡೆಯುವುದಿಲ್ಲ. ಹತ್ತುವುದು, ಜಿಗಿಯುವುದು, ನೇತಾಡುವುದು, ಇಷ್ಟನ್ನೇ ಓದುತ್ತ ಬಂದು ಮನಸ್ಸು ಭಾರವಾಯಿತು. ಅವಳು ಇದುವರೆಗೆ ಹೋದ ಪಾರ್ಕುಗಳಲ್ಲೆಲ್ಲ ಮರಳಿನ ಅಂಚಿನಲ್ಲಿ ಗಾಲಿ ಹೂತು ನಿಂತು ಬೇರೆ ಮಕ್ಕಳನ್ನು ನೋಡಿದ್ದಾಳೆ. ನೀವು ಕೊಡುವ ಪತ್ರದಲ್ಲಿ ಅವಳಿಗೂ ಒಂದು ಪ್ರಾಣಿ ಇರಲಿ.

ಹೊಂಗೆನೆರಳು (ಬೆಂಗಳೂರು)

ಇದನ್ನು ನಾನೇ ಮೊದಲು ಯೋಚಿಸಬೇಕಾಗಿತ್ತು, ಕ್ಷಮಿಸಿ. ಅವಳಿಗೆ ಏನು ಇಷ್ಟ ಎಂದು ತಿಳಿಸಿದರೆ ಪತ್ರದಲ್ಲಿ ಅದನ್ನೇ ಮೊದಲು ಬರೆಯುತ್ತೇನೆ.

ಗಾಲಿಕುರ್ಚಿ

ಅವಳಿಗೆ ಶಬ್ದ ಇಷ್ಟ. ನಿಮ್ಮ ಮಗಳು ಮೋಟರ್ ಎಂದುಕೊಂಡ ಆ ಹಕ್ಕಿಯ ಬಗ್ಗೆ ಓದಿ ಹೇಳಿದಾಗ ನಕ್ಕಳು. ಕೂತಲ್ಲಿಂದಲೇ ಕೈಗೆ ಸಿಗುವ ಎತ್ತರದಲ್ಲಿ ಬೇರೆ ಬೇರೆ ಉದ್ದದ ಕೊಳವೆಗಳನ್ನು ನೆಟ್ಟು, ಬಡಿಯಲು ಒಂದು ಮರದ ಕೊಡತಿ ಕಟ್ಟಿಟ್ಟರೆ ಅವಳೇ ಕಂಚುಕುಟಿಗ ಆಗುತ್ತಾಳೆ. ಅಲ್ಲಿಯವರೆಗೆ ಗಟ್ಟಿ ನೆಲದ, ಮೆಟ್ಟಿಲಿಲ್ಲದ ದಾರಿ ಇರಬೇಕು, ಗೇಟಿನಲ್ಲಿ ಗಾಲಿಕುರ್ಚಿ ತೂರದಂತೆ ನೆಡುವ ಕಂಬಗಳು ಇರಬಾರದು.

ಕೆಲಸದ ನಕ್ಷೆ

ಇದಕ್ಕೆ ಬೇಕಾದದ್ದು ಸತು ಲೇಪಿಸಿದ ಕಬ್ಬಿಣದ (ಜಿ.ಐ.) ಪೈಪು, ನಾಲ್ಕು ಚಪ್ಪಡಿ ಕಲ್ಲು ಮತ್ತು ಒಂದು ದಿನದ ವೆಲ್ಡಿಂಗ್ ಕೆಲಸ. ಎಲ್ಲವೂ ದರಪಟ್ಟಿಯಲ್ಲಿರುವ ಸಾಮಾನುಗಳೇ. ಇದರ ಅಳತೆಯನ್ನೂ ಅಂದಾಜನ್ನೂ ನಾನೇ ಬರೆದು ಕಳಿಸುತ್ತೇನೆ, ಇದಕ್ಕೆ ಯಾರೂ ಹಣ ಕೊಡಬೇಕಾಗಿಲ್ಲ. ನನ್ನದೂ ಒಂದು ಅಳಿಲು ಸೇವೆ ಎಂದುಕೊಳ್ಳಿ.

ಕರಿಬೇವು

ಗಿಡಗಳ ಪಟ್ಟಿಯನ್ನು ಮರೆಯಬೇಡಿ. ಚಿಟ್ಟೆಯ ಚಿತ್ರ ಬರೆದ ಗೋಡೆಗಿಂತ ನಾಲ್ಕು ಕರಿಬೇವಿನ ಗಿಡ, ಎರಡು ನಿಂಬೆ ಗಿಡ ಹೆಚ್ಚು ಕೆಲಸ ಮಾಡುತ್ತವೆ, ಏಕೆಂದರೆ ನಿಂಬೆ ಚಿಟ್ಟೆ ಅವುಗಳ ಎಲೆಯ ಮೇಲೆಯೇ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಆಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಹೊರಚಾಚಿ ಗಮಲು ಬಿಡುತ್ತದೆ. ಮಾಲಿಗಳಿಗೆ ಮಾತ್ರ ಮೊದಲೇ ಹೇಳಿಡಬೇಕು, ಇಲ್ಲವಾದರೆ ಹುಳ ಬಿದ್ದಿದೆ ಎಂದು ಔಷಧಿ ಹೊಡೆದುಬಿಡುತ್ತಾರೆ.

ರಾತ್ರಿನಡಿಗೆ

ಪತ್ರದಲ್ಲಿ ದೀಪಗಳ ವಿಷಯವನ್ನೂ ಸೇರಿಸಿ. ಪಾರ್ಕಿಗೆ ರಾತ್ರಿಯಿಡೀ ಉರಿಯುವ ಬಿಳಿ ಎಲ್‌ಇಡಿ ಕಂಬಗಳನ್ನು ನೆಟ್ಟರೆ ಇರುಳಿನ ಜೀವಿಗಳು ಉಳಿಯುವುದಿಲ್ಲ. ದಾರಿಯ ಮೇಲೆ ಮಾತ್ರ ಬೀಳುವ, ಕೆಳಮುಖದ, ಹಳದಿ ಬಣ್ಣದ ದೀಪಗಳನ್ನು ಕೇಳಿ.

ಇನ್ನೊಂದು ಕಟ್ಟುನಿಟ್ಟಿನ ಮನವಿ ಇದೆ. ನಿಮ್ಮ ಬಡಾವಣೆಯ ಮರಗಳಲ್ಲಿ ಕಾಡುಪಾಪ ಕಂಡರೆ ಆ ಜಾಗದ ಹೆಸರನ್ನು ಇಲ್ಲಿ ಬರೆಯಬೇಡಿ, ಫಲಕವನ್ನೂ ಹಾಕಬೇಡಿ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿರುವ ಪ್ರಾಣಿಯಾದರೂ ಮಾಟಮಂತ್ರದ ಹೆಸರಿನಲ್ಲಿ ಅದನ್ನು ಹಿಡಿದು ಚುಚ್ಚಿ ಹಿಂಸಿಸುವವರು ಈಗಲೂ ಇದ್ದಾರೆ. ಆಟಕ್ಕೆ ಅದರ ಹೆಸರಿರಲಿ, ಅದರ ವಿಳಾಸ ಯಾರಿಗೂ ಸಿಗದಿರಲಿ.

ಹೊಂಗೆನೆರಳು (ಬೆಂಗಳೂರು)

ಇಂದು ಎರಡೂ ಪತ್ರಗಳನ್ನು ಕೊಟ್ಟು ಮುದ್ರೆ ಹಾಕಿಸಿಕೊಂಡು ಬಂದೆ. ವೃಕ್ಷಾಧಿಕಾರಿಯ ಕಚೇರಿಯಿಂದ ಸ್ಥಳಪರಿಶೀಲನೆಗೆ ಬರುತ್ತೇವೆ ಎಂದಿದ್ದಾರೆ. ಎಂಜಿನಿಯರ್ ಕಂಚುಕುಟಿಗ ಕೊಳವೆಗಳ ಅಂದಾಜನ್ನು ಎರಡು ಸಲ ಓದಿ, “ಇದನ್ನು ಈ ಹಣದಲ್ಲಿಯೇ ಸೇರಿಸಬಹುದು, ಹಗ್ಗದ ಬಲೆಗೆ ಮಾತ್ರ ಮೇಲಿನವರನ್ನು ಕೇಳಬೇಕು” ಎಂದರು. ಡೈನೋಸಾರ್ ಬಗ್ಗೆ ಏನೂ ಹೇಳಲಿಲ್ಲ.

ಭಾನುವಾರ ಸಂಜೆ ಆರು ಗಂಟೆಗೆ ಅತ್ತಿಮರದ ಹತ್ತಿರ ಸೇರೋಣ. ಬಾವಲಿಗಳು ಬರುವುದನ್ನು ನಮ್ಮ ಸಂಘದ ಪದಾಧಿಕಾರಿಗಳು ಒಮ್ಮೆ ಕಣ್ಣಾರೆ ನೋಡಲಿ. ಬರಬೇಕೆನ್ನುವ ಇತರರು ನನಗೆ ಪ್ರತ್ಯೇಕವಾಗಿ ಬರೆದರೆ ವಿಳಾಸ ಕಳಿಸುತ್ತೇನೆ.

ಗಾಲಿಕುರ್ಚಿ

ನಾವು ಬರಬಹುದೇ? ಪಾರ್ಕಿನ ಗೇಟಿನಲ್ಲಿ ಕಂಬಗಳಿವೆಯೇ?

ಹೊಂಗೆನೆರಳು (ಬೆಂಗಳೂರು)

ಮುಂದಿನ ಗೇಟಿನಲ್ಲಿವೆ. ಹಿಂದಿನ ಗೇಟು ಅಗಲವಾಗಿದೆ, ಅದರ ಬೀಗದ ಕೈಯನ್ನು ಮಾಲಿಯಿಂದ ಈಗಷ್ಟೇ ಕೇಳಿ ಇಟ್ಟುಕೊಂಡಿದ್ದೇನೆ. ಐದೂವರೆಗೇ ಬನ್ನಿ, ಕಂಚುಕುಟಿಗ ಇನ್ನೂ ಕೂಗುತ್ತಿರುತ್ತದೆ.